ಜೈವಿಕ ತಂತ್ರಜ್ಞಾನ: ಹೊಲದಿಂದ ದವಾಖಾನೆವರೆಗೆ ನಿಮ್ಮ ಪ್ರಶ್ನೆಗಳು

ಜೈವಿಕ ತಂತ್ರಜ್ಞಾನದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆವು. ಕಾಲೇಜು ಹುಡುಗರ ಪತ್ರಗಳೇ ಜಾಸ್ತಿ ಬರಬಹುದು ಅಂದುಕೊಂಡಿದ್ದೆ. ಬಂದದ್ದು ಹೊಲ ಮಾಡುವವರ, ದನ ಕಟ್ಟಿದವರ, ಮನೆಯಲ್ಲಿ ಶುಗರ್ ಇರುವ ಹಿರಿಯರನ್ನು ನೋಡಿಕೊಳ್ಳುವವರ ಪತ್ರಗಳು, ಅದೂ ಹೆಚ್ಚಾಗಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ. ನನಗೆ ತುಂಬಾ ಖುಷಿಯಾಯಿತು. ಒಂದೇ ತರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರ ಬರೆದಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಜೈವಿಕ ತಂತ್ರಜ್ಞಾನ ಅಂದರೆ ಏನು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ, ಆದರೆ ಅರ್ಥ ಆಗಿಲ್ಲ. ಮೊಸರು ಮಾಡುವುದೂ ಜೈವಿಕ ತಂತ್ರಜ್ಞಾನ ಅಂತ ನಮ್ಮ ಮೇಡಂ ಹೇಳಿದರು. ನಿಜಾನಾ? (ಪಿಯುಸಿ ವಿದ್ಯಾರ್ಥಿನಿ, ಆಳಂದ)

ನಿಜ, ತಂಗಿ. ಜೀವಿಯನ್ನೋ ಜೀವಿಯ ಒಂದು ಭಾಗವನ್ನೋ ಕೆಲಸಕ್ಕೆ ಹಚ್ಚಿ ನಮಗೆ ಬೇಕಾದದ್ದನ್ನು ಮಾಡಿಸಿಕೊಳ್ಳುವುದು, ಅಷ್ಟೇ ಅದರ ಅರ್ಥ. ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತೀರಲ್ಲ, ಆಗ ಹೆಪ್ಪಿನಲ್ಲಿದ್ದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಆ ಹುಳಿಗೆ ಹಾಲಿನ ಪ್ರೋಟೀನ್ ಗಟ್ಟಿಯಾಗುತ್ತದೆ. ಬೀದರ್ ಕಡೆ ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಯೀಸ್ಟ್ ಬಿಟ್ಟರೆ ಅದು ಎಥೆನಾಲ್ ಆಗುತ್ತದೆ, ಅದೇ ಎಥೆನಾಲ್ ಪೆಟ್ರೋಲ್ ಜೊತೆ ಸೇರಿ ನಿಮ್ಮ ಅಪ್ಪನ ಬೈಕಿಗೆ ಬರುತ್ತದೆ. ಇವೆರಡರಲ್ಲೂ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಿಗಳು.

ಹಾಗಾದರೆ ಹೊಸದೇನು? ಜೀವಿಯ ಗುಣಗಳೆಲ್ಲ ಬರೆದಿರುವ, ಜೀವಕೋಶದೊಳಗಿನ ಎಳೆಗೆ ಡಿಎನ್‌ಎ ಅಂತ ಹೆಸರು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದು ಹೇಗಿದೆ ಅಂತ ತೋರಿಸಿದರು. ಇಪ್ಪತ್ತು ವರ್ಷ ಕಳೆದು, 1973ರಲ್ಲಿ, ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಒಂದು ಜೀವಿಯ ಡಿಎನ್‌ಎ ತುಂಡನ್ನು ಇನ್ನೊಂದು ಡಿಎನ್‌ಎಗೆ ಜೋಡಿಸಿ ಬ್ಯಾಕ್ಟೀರಿಯಾದೊಳಗೆ ಬಿಟ್ಟರು, ಅದು ಅಲ್ಲಿ ಕೆಲಸ ಮಾಡಿತು. ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ಕತ್ತರಿಸುವ ಕಿಣ್ವಗಳಿವೆ, ಅಂಟಿಸುವ ಕಿಣ್ವವೂ ಇದೆ. ನಿಮ್ಮ ಅಜ್ಜಿ ಕೌದಿ ಹೊಲಿಯುವಾಗ ಒಂದು ಸೀರೆಯ ತುಂಡು ಕತ್ತರಿಸಿ ಇನ್ನೊಂದಕ್ಕೆ ಹಚ್ಚುತ್ತಾರಲ್ಲ, ಕೆಲಸ ಹೆಚ್ಚು ಕಡಿಮೆ ಹಾಗೆಯೇ. ಆ ತುಂಡಿಗೆ ಜೀನ್ ಅಂತ ಹೆಸರು. ಯಾವ ಪ್ರೋಟೀನ್ ಮಾಡಬೇಕು ಅನ್ನೋ ಸೂಚನೆ ಅದರಲ್ಲಿರುತ್ತದೆ. ಈಗ ತುಂಡು ಹಚ್ಚದೆ, ಇದ್ದ ಜೀನನ್ನೇ ಅಲ್ಲಲ್ಲೇ ತಿದ್ದುವ ಕ್ರಿಸ್ಪರ್ ಅನ್ನೋ ವಿಧಾನವೂ ಬಂದಿದೆ. ಅದಕ್ಕೆ ದಾರಿ ಮಾಡಿದ ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನ್ನಿಫರ್ ಡೌಡ್ನಾ ಅವರಿಗೆ 2020ರಲ್ಲಿ ನೊಬೆಲ್ ಬಂತು. ಇಬ್ಬರೂ ಹೆಣ್ಣುಮಕ್ಕಳು, ನೆನಪಿಟ್ಟುಕೋ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಮುಂದಿನ ಉತ್ತರಗಳಿಗೂ ಅದು ಬೇಕು. ಜೈವಿಕ ತಂತ್ರಜ್ಞಾನ ಒಳ್ಳೆಯದಾ ಕೆಟ್ಟದ್ದಾ ಅಂತ ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಮೊಸರೂ ಅದೇ, ಇನ್ಸುಲಿನ್ನೂ ಅದೇ, ಬಿಟಿ ಹತ್ತಿಯೂ ಅದೇ. ಒಂದೊಂದನ್ನೂ ಬೇರೆ ಬೇರೆ ಹಿಡಿದು ಕೇಳಬೇಕು: ಇದರಲ್ಲಿ ಯಾವ ಜೀವಿ ಇದೆ, ಅದಕ್ಕೆ ಏನು ಮಾಡಿದ್ದಾರೆ, ಯಾರು ಪರೀಕ್ಷೆ ಮಾಡಿದ್ದಾರೆ?

ಪ್ರಶ್ನೆ: ನಮ್ಮ ಅತ್ತೆಗೆ ಶುಗರ್ ಜಾಸ್ತಿ ಆಗಿ ಡಾಕ್ಟರ್ ಇನ್ಸುಲಿನ್ ಬರೆದುಕೊಟ್ಟಿದ್ದಾರೆ. ಅದನ್ನು ಹಂದಿಯಿಂದ ತೆಗೆಯುತ್ತಾರೆ ಅಂತ ಯಾರೋ ಹೇಳಿದ್ದಾರಂತೆ, ಈಗ ಸೂಜಿ ಬೇಡವೇ ಬೇಡ ಅಂತ ಕೂತಿದ್ದಾರೆ. ಏನು ಹೇಳಲಿ? (ಗೃಹಿಣಿ, ಶಹಾಪುರ)

ಅಕ್ಕಾ, ಆ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. ಅಲ್ಲಿಂದ ಅರವತ್ತು ವರ್ಷ ಜಗತ್ತಿಗೆಲ್ಲ ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದಲೇ ಅದನ್ನು ತೆಗೆಯುತ್ತಿದ್ದರು. 1978ರಲ್ಲಿ ಮನುಷ್ಯರ ಇನ್ಸುಲಿನ್ ಜೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಇ-ಕೋಲೈ ಅನ್ನೋ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಬ್ಯಾಕ್ಟೀರಿಯಾ ಮನುಷ್ಯರ ಇನ್ಸುಲಿನ್ ಮಾಡಲು ಶುರು ಮಾಡಿತು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಯೀಸ್ಟ್‌ನಿಂದ ಇನ್ಸುಲಿನ್ ತಯಾರಿಸುತ್ತದೆ. ಈಗ ಔಷಧಿ ಅಂಗಡಿಯಲ್ಲಿ ಸಿಗುವುದು ಬಹುತೇಕ ಇಂಥದ್ದೇ. ಡಬ್ಬಿಯ ಮೇಲೆ ಆರ್‌ಡಿಎನ್‌ಎ ಮೂಲ, ಅಂದರೆ ಡಿಎನ್‌ಎ ಜೋಡಿಸಿ ಮಾಡಿಸಿದ್ದು, ಎಂದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತದೆ, ಅತ್ತೆಯವರಿಗೆ ಅದನ್ನೇ ತೋರಿಸಿ. ಹಂದಿ ಇಲ್ಲ, ದನ ಇಲ್ಲ. ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ ಬೆಳೆದ ಸೂಕ್ಷ್ಮಜೀವಿ ಮಾಡಿಕೊಟ್ಟದ್ದನ್ನು ಸೋಸಿ, ಶುದ್ಧ ಮಾಡಿ ತುಂಬಿರುತ್ತಾರೆ.

ಅದಕ್ಕಿಂತ ದೊಡ್ಡ ಚಿಂತೆ ನನಗೆ ನಿಮ್ಮ ಊರಿನ ಬಿಸಿಲಿನದು. ಇನ್ಸುಲಿನ್ ಒಂದು ಪ್ರೋಟೀನ್, ಬಿಸಿಗೆ ಕೆಡುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ಸಾಮಾನ್ಯ. ಸೀಲ್ ಒಡೆಯದ ಬಾಟಲಿ ಫ್ರಿಜ್‌ನಲ್ಲಿರಲಿ, 2ರಿಂದ 8 ಡಿಗ್ರಿಯೊಳಗೆ. ಫ್ರೀಜರ್‌ನಲ್ಲಿ ಮಾತ್ರ ಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಅದು ಉಪಯೋಗಕ್ಕಿಲ್ಲ. ಬಳಸಲು ಶುರು ಮಾಡಿದ ಬಾಟಲಿಯನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ನಾಲ್ಕು ವಾರ ಇಡಬಹುದು. ಫ್ರಿಜ್ ಇಲ್ಲದಿದ್ದರೆ, ಕರೆಂಟ್ ಹೋಗಿ ಹೋಗಿ ಬರುತ್ತಿದ್ದರೆ, ಒಂದು ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ ಅದರೊಳಗೆ ಸಣ್ಣ ಗಡಿಗೆ ಇಡಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಸಣ್ಣ ಗಡಿಗೆಯೊಳಗಿಟ್ಟು ಒದ್ದೆ ಬಟ್ಟೆ ಮುಚ್ಚಿ, ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ದಿನಾ ನೀರು ಹಾಕಬೇಕು. ಅಂಗಡಿಯಿಂದ ತರುವಾಗ ಬೈಕಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಿಸಿಲಲ್ಲಿ ನಿಲ್ಲಿಸಬೇಡಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿ ಕಂಡರೆ, ಹಾಲಿನ ಬಣ್ಣದ್ದು ಅಂಗೈಯಲ್ಲಿ ಉರುಳಿಸಿದರೂ ಗಂಟು ಗಂಟಾಗಿದ್ದರೆ, ಅದನ್ನು ಬಳಸಬೇಡಿ. ಸೂಜಿ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಅಕ್ಕಾ, ಕೈಮುಗಿದು ಹೇಳುತ್ತೇನೆ.

ಪ್ರಶ್ನೆ: ಬಿಟಿ ಹತ್ತಿ ಬಂದಾಗ ಇನ್ನು ಹುಳಕ್ಕೆ ಎಣ್ಣೆ ಹೊಡೆಯುವುದು ಬೇಕಿಲ್ಲ ಅಂದರು. ಮೊದಮೊದಲು ಚೆನ್ನಾಗಿತ್ತು. ಈಗ ಕಾಯಿ ಒಡೆದು ನೋಡಿದರೆ ಒಳಗೆ ಗುಲಾಬಿ ಹುಳ. ನಮಗೆ ಮೋಸ ಆಯಿತಾ? (ರೈತ, ಯಾದಗಿರಿ ತಾಲ್ಲೂಕು)

ಅಣ್ಣಾ, ಬಿಟಿ ಸುಳ್ಳಲ್ಲ. ಅದನ್ನು ಉಳಿಸಿಕೊಳ್ಳಲು ಮಾಡಬೇಕಾದದ್ದನ್ನು ನಮ್ಮ ದೇಶದಲ್ಲಿ ಯಾರೂ ಗಟ್ಟಿಯಾಗಿ ಮಾಡಲಿಲ್ಲ. ಮೋಸ ಅಲ್ಲಿದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾದ ಹೆಸರು. ಅದು ಒಂದು ಪ್ರೋಟೀನ್ ಮಾಡುತ್ತದೆ. ಆ ಪ್ರೋಟೀನ್ ಕಾಯಿಕೊರಕದ ಹೊಟ್ಟೆಯ ಕ್ಷಾರದಲ್ಲಿ ಕರಗಿ, ಕರುಳಿಗೆ ಅಂಟಿಕೊಂಡು ತೂತು ಮಾಡುತ್ತದೆ, ಹುಳ ತಿನ್ನುವುದು ಬಿಟ್ಟು ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ, ಅದು ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಲ್ಲಿಲ್ಲ. ಆ ಜೀನನ್ನು ಹತ್ತಿಗೆ ಸೇರಿಸಿದ ಬೀಜಕ್ಕೆ ಭಾರತದಲ್ಲಿ 2002ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2006ರಲ್ಲಿ ಎರಡು ಜೀನ್ ಇರುವ ಬೋಲ್‌ಗಾರ್ಡ್-2 ಬಂತು. ತೊಂಬತ್ತರ ದಶಕದಲ್ಲಿ ಹಸಿರು ಕಾಯಿಕೊರಕ ಹತ್ತಿ ರೈತರನ್ನು ಸಾಲಕ್ಕೆ ತಳ್ಳಿದ್ದು ನಿಮಗೆ ನೆನಪಿರಬಹುದು. ಅದರ ಕಾಟ ಇಳಿದದ್ದು ಬಿಟಿಯಿಂದಲೇ. ಆದರೆ ಹಸಿರು ಜಿಗಿ, ಥ್ರಿಪ್ಸ್, ಬಿಳಿ ನೊಣದಂಥ ರಸ ಹೀರುವ ಕೀಟಕ್ಕೆ ಬಿಟಿ ನಾಟುವುದಿಲ್ಲ. ಇನ್ನು ಯಾವ ಎಣ್ಣೆಯೂ ಬೇಡ ಅಂತ ಹೇಳಿದವರು ತಪ್ಪು ಹೇಳಿದರು.

ಗುಲಾಬಿ ಹುಳದ ಕಥೆ ಬೇರೆ. ಅದಕ್ಕೆ ಹತ್ತಿಯೇ ಮುಖ್ಯ ಆಹಾರ. ಹೊಲದ ತುಂಬಾ ಬಿಟಿಯೇ ಇದ್ದರೆ ಅದನ್ನು ತಿಂದು ಬದುಕುವ ಒಂದೆರಡು ಹುಳ ಮಾತ್ರ ಉಳಿಯುತ್ತವೆ, ಅವು ತಮ್ಮತಮ್ಮಲ್ಲೇ ಕೂಡಿ ಬಿಟಿಗೆ ಜಗ್ಗದ ಸಂತಾನ ಬೆಳೆಸುತ್ತವೆ. ಇದನ್ನು ತಡೆಯಲಿಕ್ಕೇ ಬಿಟಿ ಬೀಜದ ಜೊತೆ 120 ಗ್ರಾಂ ನಾನ್-ಬಿಟಿ ಬೀಜದ ಪ್ಯಾಕೆಟ್ ಕೊಡುತ್ತಿದ್ದರು, ಹೊಲದ ಸುತ್ತ ಹಾಕಲಿ ಅಂತ. ಅಲ್ಲಿ ಬದುಕಿದ ಸಾಧಾರಣ ಹುಳ ಈ ಗಟ್ಟಿ ಹುಳದ ಜೊತೆ ಕೂಡಿದರೆ ಸಂತಾನ ಮತ್ತೆ ಬಿಟಿಗೆ ಸಾಯುವಂಥದ್ದಾಗುತ್ತದೆ. ಆ ಪ್ಯಾಕೆಟ್ ಎಷ್ಟು ಜನ ಬಿತ್ತಿದರು? ಎರಡು ಸಾಲು ಹತ್ತಿ ಹುಳಕ್ಕೆ ಬಿಡಿ ಅಂದರೆ ಮೂರು ಎಕರೆ ಇರುವವನು ಯಾಕೆ ಬಿಡುತ್ತಾನೆ, ಆ ಸಾಲಿನ ನಷ್ಟ ಯಾರು ಕೊಡುತ್ತಾರೆ ಅಂತ ಯಾರೂ ಯೋಚಿಸಲಿಲ್ಲ. ಈಗ ನಾನ್-ಬಿಟಿ ಬೀಜವನ್ನು ಅದೇ ಪ್ಯಾಕೆಟ್‌ನಲ್ಲಿ ಬೆರೆಸಿ ಕೊಡುತ್ತಾರೆ. ಅದರ ಮೇಲೆ ಹತ್ತಿಯನ್ನು ಫೆಬ್ರವರಿ, ಮಾರ್ಚ್‌ವರೆಗೂ ಎಳೆಯುತ್ತೇವೆ. ಹುಳಕ್ಕೆ ವರ್ಷದ ಬಹುಪಾಲು ಊಟ. 2018ರಲ್ಲಿ ಅಮೆರಿಕ ತನ್ನ ಹತ್ತಿ ಹೊಲಗಳಿಂದ ಗುಲಾಬಿ ಕಾಯಿಕೊರಕ ಪೂರ್ತಿ ಹೋಯಿತು ಅಂತ ಘೋಷಿಸಿತು. ಅವರೂ ಬೆಳೆದದ್ದು ಬಿಟಿಯನ್ನೇ, ಜೊತೆಗೆ ಸಂತಾನಹೀನ ಮಾಡಿದ ಪತಂಗಗಳನ್ನು ಹೊಲಗಳ ಮೇಲೆ ಬಿಟ್ಟರು, ಎಲ್ಲರೂ ಒಟ್ಟಿಗೆ ಮಾಡಿದರು.

ಈಗ ನೀವು ಮಾಡಬಹುದಾದದ್ದು ಇಷ್ಟು. ಬೇಗ ಮುಗಿಯುವ ತಳಿ ಆರಿಸಿ. ಎಕರೆಗೆ ಎರಡು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಕಟ್ಟಿ, ಸತತ ಮೂರು ರಾತ್ರಿ ಬಲೆಗೆ ಎಂಟೆಂಟು ಪತಂಗ ಬಿದ್ದರೆ ಮಾತ್ರ ಎಣ್ಣೆಯ ಯೋಚನೆ ಮಾಡಿ. ಅರಳದೆ ಗುಲಾಬಿ ಮೊಗ್ಗಿನಂತೆ ಮುದುಡಿಕೊಂಡ ಹೂ ಕಂಡರೆ ಒಳಗೆ ಹುಳ ಇದೆ ಅಂತಲೇ ಅರ್ಥ, ಕಿತ್ತು ಸುಟ್ಟುಬಿಡಿ. ಡಿಸೆಂಬರ್ ಕೊನೆ, ಹೆಚ್ಚೆಂದರೆ ಜನವರಿಗೆ ಬೆಳೆ ತೆಗೆದುಬಿಡಿ, ಹತ್ತಿ ಕಟ್ಟಿಗೆಯನ್ನು ಉರುವಲಿಗೆ ಅಂತ ಬದುವಿನ ಮೇಲೆ ಒಟ್ಟಬೇಡಿ. ಕಳೆನಾಶಕ ಹೊಡೆದರೂ ಸಾಯದ ಹತ್ತಿ ಬೀಜ ಅಂತ ಬಿಲ್ಲಿಲ್ಲದೆ ಮಾರುವವರು ಬರುತ್ತಾರೆ. ಆ ಬೀಜಕ್ಕೆ ಭಾರತದಲ್ಲಿ ಒಪ್ಪಿಗೆ ಇಲ್ಲ. ಮೊಳಕೆ ಬರದಿದ್ದರೆ ಯಾರನ್ನೂ ಕೇಳುವ ಹಾಗಿಲ್ಲ.

ಪ್ರಶ್ನೆ: ತೊಗರಿಯಲ್ಲಿ ಬಿಟಿ ಬಂದಿದೆಯಾ? ನೆಟೆ ರೋಗಕ್ಕೆ ಬಯೋ ಔಷಧಿ ಅಂತ ಒಂದು ಬಾಟಲಿ ಕೊಟ್ಟಿದ್ದಾರೆ, ಹಾಕಲಾ? (ರೈತರು, ಜೇವರ್ಗಿ, ಅಫಜಲಪುರ, ಸೇಡಂ)

ಬಂದ ಪತ್ರಗಳಲ್ಲಿ ಇದೇ ಪ್ರಶ್ನೆ ಹೆಚ್ಚು. ನನಗೂ ತೊಗರಿಯ ಬಗ್ಗೆ ಬರೆಯುವ ಆಸೆ ಹೆಚ್ಚು. 2019ರಲ್ಲಿ ನಮ್ಮ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ, ಅಂದರೆ ಈ ಸೀಮೆಯದೇ ಅನ್ನೋ ಕಾನೂನಿನ ಗುರುತು, ಸಿಕ್ಕಿತು, ಆದರೆ ಹೊಲದಲ್ಲಿ ಗಿಡ ಒಣಗಿದರೆ ಆ ಗುರುತು ಕಟ್ಟಿಕೊಂಡು ಏನು ಮಾಡುವುದು?

ಬಿಟಿ ತೊಗರಿ ಮಾರುಕಟ್ಟೆಯಲ್ಲಿ ಇಲ್ಲ. ಯಾರಾದರೂ ಇದೆ ಅಂದರೆ ನಂಬಬೇಡಿ. ಆದರೆ ಜೈವಿಕ ತಂತ್ರಜ್ಞಾನ ತೊಗರಿಗೆ ಬೇರೆ ದಾರಿಯಲ್ಲಿ ಬಂದಿದೆ. ಬೀದರ್‌ನಿಂದ ಹೈದರಾಬಾದ್‌ಗೆ ಹೋಗುವಾಗ ಪಟಾನ್‌ಚೆರು ಹತ್ತಿರ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆಯಲ್ಲ, ಅವರ ನೇತೃತ್ವದ ತಂಡ 2011ರಲ್ಲಿ ತೊಗರಿಯ ಪೂರ್ತಿ ಡಿಎನ್‌ಎಯನ್ನು ಓದಿ ಪ್ರಕಟಿಸಿತು. ಓದಿದ್ದು ಆಶಾ ತಳಿಯನ್ನು. ಇದರಿಂದ ಏನು ಲಾಭ ಅಂದರೆ, ನೆಟೆ ರೋಗ ತಡೆಯುವ ಗುಣ ಯಾವ ಸಸಿಯಲ್ಲಿದೆ ಅಂತ ಎಲೆಯ ಒಂದು ಚೂರಿನ ಡಿಎನ್‌ಎ ನೋಡಿಯೇ ಗುರುತಿಸುವ ದಾರಿ ತೆರೆಯುತ್ತದೆ. ವರ್ಷಗಟ್ಟಲೆ ರೋಗದ ಮಣ್ಣಿನಲ್ಲಿ ಬೆಳೆಸಿ ಕಾಯುವುದು ಕಡಿಮೆಯಾಗುತ್ತದೆ. ಹೊರಗಿನ ಜೀನ್ ಹಾಕುವ ಮಾತೇ ಇಲ್ಲ.

ನೆಟೆ ರೋಗ ಮಾಡುವುದು ಫ್ಯುಸೇರಿಯಂ ಅನ್ನೋ ಮಣ್ಣಿನ ಶಿಲೀಂಧ್ರ. ಗಿಡ ಹೂ, ಕಾಯಿ ಹಿಡಿಯುವ ಹೊತ್ತಿಗೆ ಹಸಿರಿದ್ದದ್ದು ಹಾಗೇ ಜೋತು ಒಣಗುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ, ಒಳಗೆ ಕಂದುಗಪ್ಪು ಗೆರೆ ಕಾಣಿಸುತ್ತದೆ. ನೀರು ಮೇಲೇರುವ ಕೊಳವೆಯನ್ನೇ ಶಿಲೀಂಧ್ರ ಮುಚ್ಚಿರುತ್ತದೆ. ಗಿಡ ಬಾಡಿದ ಮೇಲೆ ಬುಡಕ್ಕೆ ಏನು ಸುರಿದರೂ ಆ ಗಿಡ ಏಳುವುದಿಲ್ಲ. ನಿಮಗೆ ಕೊಟ್ಟ ಬಾಟಲಿ ಯಾವುದೇ ಇರಲಿ, ಈಗ ಅದರಿಂದ ಲಾಭ ಇಲ್ಲ. ಮಾಡಬೇಕಾದದ್ದು ಬಿತ್ತುವ ಮುಂಚೆ.

ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ, ಆದರೆ ರೋಗದ ಶಿಲೀಂಧ್ರಗಳನ್ನು ಸುತ್ತಿಕೊಂಡು ತಿನ್ನುತ್ತದೆ. ಕೆಜಿ ಬೀಜಕ್ಕೆ 4 ಗ್ರಾಂ ಹಾಕಿ ಬೀಜೋಪಚಾರ ಮಾಡಿ. ಕಾರ್ಬೆಂಡೆಜಿಂನಂಥ ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ, ಒಳ್ಳೆ ಶಿಲೀಂಧ್ರವೂ ಸಾಯುತ್ತದೆ. ಆಮೇಲೆ ರೈಜೋಬಿಯಂ. ಬೆಲ್ಲದ ನೀರು ಕಾಯಿಸಿ, ಪೂರ್ತಿ ಆರಿಸಿ, ಅದರಲ್ಲಿ ಪುಡಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಒಣಗಿಸಿ, ಅವತ್ತೇ ಬಿತ್ತಿ. ನೀರು ಬಿಸಿ ಇದ್ದಾಗ ಕಲಸಿದರೆ ಬ್ಯಾಕ್ಟೀರಿಯಾ ಅಲ್ಲೇ ಸತ್ತುಹೋಗುತ್ತವೆ. ರೈಜೋಬಿಯಂ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ. ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ನೀವೇ ನೋಡಬಹುದು: ಬಿತ್ತಿ ಒಂದು ತಿಂಗಳು ದಾಟಿದ ಮೇಲೆ ಒಂದು ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಅಗೆದು ತೆಗೆಯಿರಿ, ಬೇರಿನ ಗಂಟನ್ನು ಉಗುರಿನಿಂದ ಒಡೆಯಿರಿ. ಒಳಗೆ ಗುಲಾಬಿ ಕೆಂಪು ಇದ್ದರೆ ಬ್ಯಾಕ್ಟೀರಿಯಾ ದುಡಿಯುತ್ತಿದೆ. ಹಸಿರೋ ಕಂದೋ ಇದ್ದರೆ ಇಲ್ಲ. ಯೂರಿಯಾ ಜಾಸ್ತಿ ಹಾಕಿದ ಹೊಲದಲ್ಲಿ ಗಂಟೇ ಸರಿಯಾಗಿ ಕಟ್ಟುವುದಿಲ್ಲ.

ಅದೇ ಹೊಲದಲ್ಲಿ ವರ್ಷ ವರ್ಷ ತೊಗರಿ ಹಾಕುವುದು ನಿಲ್ಲಬೇಕು. ಶಿಲೀಂಧ್ರ ಕೊಯ್ಲಿನ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಜೋಳದ ಜೊತೆ ಸರದಿ ಮಾಡಿದರೆ, ಇಲ್ಲವೇ ಜೋಳವನ್ನು ಮಿಶ್ರ ಬೆಳೆಯಾಗಿ ಹಾಕಿದರೆ ರೋಗ ಇಳಿಯುತ್ತದೆ. ಎರೆ ಹೊಲದಲ್ಲಿ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ. ರೋಗ ತಡೆಯುವ ತಳಿ ಯಾವುದು ಸಿಗುತ್ತದೆ ಅಂತ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲೇ ಕೇಳಿ.

ಕಾಯಿಕೊರಕದ ಮಾತೂ ಬಂದಿದೆ. ತೊಗರಿ ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ತಾಡಪತ್ರಿ ಮೇಲೆ ಹುಳ ಉದುರಿಸಿ ಆರಿಸುವುದು ಕಲಬುರಗಿ ರೈತರದೇ ವಿಧಾನ, ವಿಜ್ಞಾನಿಗಳೂ ಅದನ್ನು ಮೆಚ್ಚಿ ದಾಖಲಿಸಿದ್ದಾರೆ. ಅದರ ಜೊತೆ ಎನ್‌ಪಿವಿ ಅನ್ನೋ ನಂಜಾಣು ಇದೆ. ಅದು ಆ ಹುಳಕ್ಕೆ ಮಾತ್ರ ಕಾಯಿಲೆ ತರುವ ವೈರಸ್. ಸಂಜೆ ಹೊತ್ತು ಹೊಡೆಯಬೇಕು, ಬಿಸಿಲಿಗೆ ವೈರಸ್ ಸಾಯುತ್ತದೆ. ಕೆಲವು ದಿನ ಬಿಟ್ಟು ಹೊಲಕ್ಕೆ ಹೋದರೆ ಟೊಂಗೆಯ ತುದಿಯಲ್ಲಿ ಹುಳಗಳು ತಲೆ ಕೆಳಗಾಗಿ ಜೋತು ಸತ್ತಿರುತ್ತವೆ, ಮುಟ್ಟಿದರೆ ಮೈಯೊಡೆದು ನೀರಾಗುತ್ತವೆ. ಸಣ್ಣ ಹುಳ ಇದ್ದಾಗಲೇ ಹೊಡೆದರೆ ಫಲ ಜಾಸ್ತಿ.

ಈಗ ಆ ಬಾಟಲಿಯ ವಿಷಯ. ಇದರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಬಯೋ, ಜೈವಿಕ, ಆರ್ಗ್ಯಾನಿಕ್ ಅಂತ ಹಸಿರು ಎಲೆಯ ಚಿತ್ರ ಹಾಕಿ ಏನನ್ನು ಬೇಕಾದರೂ ಮಾರುತ್ತಿದ್ದಾರೆ. ಕೊಳ್ಳುವ ಮುಂಚೆ ಲೇಬಲ್ ಓದಿ, ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗನ ಕೈಲಿ ಓದಿಸಿ. ಒಳಗೆ ಯಾವ ಜೀವಿ ಇದೆ ಅಂತ ಹೆಸರು ಇರಲೇಬೇಕು. ಜೈವಿಕ ಕೀಟನಾಶಕ, ಶಿಲೀಂಧ್ರನಾಶಕಕ್ಕೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ಜೈವಿಕ ಗೊಬ್ಬರವಾದರೆ ಕಾನೂನಿನ ಪ್ರಕಾರ ಪುಡಿಯ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವದ ಪ್ರತಿ ಮಿಲಿಲೀಟರ್‌ನಲ್ಲಿ 10 ಕೋಟಿ ಜೀವಂತ ಕೋಶ ಇರಬೇಕು. ತಯಾರಾದ ದಿನ, ಅವಧಿ ಮುಗಿಯುವ ದಿನ ನೋಡಿ. ಒಳಗಿರುವುದು ಜೀವ. ತಗಡಿನ ಶೆಡ್ಡಿನಲ್ಲಿ ಮೇ ತಿಂಗಳು ಕಳೆದ ಪ್ಯಾಕೆಟ್‌ನಲ್ಲಿ ದಿನಾಂಕ ಬಾಕಿ ಇದ್ದರೂ ಜೀವ ಬಾಕಿ ಇರುವುದು ಅನುಮಾನ. ರೈತ ಸಂಪರ್ಕ ಕೇಂದ್ರದಲ್ಲಿ ಹೊಸ ಸರಕು ಬಂದಾಗ ತನ್ನಿ, ಬಿಲ್ ಕೇಳಿ ಪಡೆಯಿರಿ.

ಪ್ರಶ್ನೆ: ಹೆಣ್ಣುಕರುವೇ ಹುಟ್ಟುವ ಇಂಜೆಕ್ಷನ್ ಬಂದಿದೆ ಅಂತಾರೆ. ಖರೆನಾ? ನಮ್ಮ ದೇವಣಿ ಆಕಳಿಗೆ ಮಾಡಿಸಬಹುದಾ? (ಹೈನುಗಾರ, ಭಾಲ್ಕಿ)

ಖರೆ. ಈ ಇಂಜೆಕ್ಷನ್ ಅಂದರೆ ಆಕಳ ಗರ್ಭಕ್ಕೆ ಬಿಡುವ ಹೋರಿಯ ವೀರ್ಯ. ಹೋರಿಯ ವೀರ್ಯದಲ್ಲಿ ಎರಡು ತರದ ವೀರ್ಯಾಣು ಇರುತ್ತವೆ. ಎಕ್ಸ್ ಇರುವುದು ಹೆಣ್ಣು ಕೊಡುತ್ತದೆ, ವೈ ಇರುವುದು ಗಂಡು. ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ 4ರಷ್ಟು ಜಾಸ್ತಿ. ಬಣ್ಣ ಹಾಕಿ ಲೇಸರ್ ಬೆಳಕಿನಲ್ಲಿ ಒಂದೊಂದನ್ನೇ ಹಾಯಿಸಿದರೆ ಅದು ಸ್ವಲ್ಪ ಜಾಸ್ತಿ ಹೊಳೆಯುತ್ತದೆ, ಯಂತ್ರ ಅದನ್ನು ಬೇರೆ ಮಾಡುತ್ತದೆ. ಇಂಥ ವೀರ್ಯದಿಂದ ನೂರಕ್ಕೆ ಸುಮಾರು 90 ಹೆಣ್ಣುಕರು. ನೂರಕ್ಕೆ ನೂರು ಅಂತ ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ಒಂದು ಕಡ್ಡಿಯಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆ ಇರುತ್ತದೆ, ಯಂತ್ರದಲ್ಲಿ ಹಾಯ್ದು ಬಂದು ಅವು ಸ್ವಲ್ಪ ಬಳಲಿರುತ್ತವೆ ಕೂಡ. ಅದಕ್ಕೇ ಗರ್ಭ ನಿಲ್ಲುವ ಪ್ರಮಾಣ ಸಾಮಾನ್ಯ ಇಂಜೆಕ್ಷನ್‌ಗಿಂತ ಕಡಿಮೆ. ಚೆನ್ನಾಗಿ ಮೈ ಹಿಡಿದ, ಬೆದೆ ಸರಿಯಾಗಿ ತೋರಿಸುವ ಮಣಕಕ್ಕೆ ಮಾಡಿಸಿ. ಎರಡು ಮೂರು ಸಲ ತಿರುಗಿ ಬೆದೆಗೆ ಬಂದ ಆಕಳಿಗೆ ದುಡ್ಡು ಹಾಕಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

ದೇವಣಿಯ ಬಗ್ಗೆ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ಬೀದರ್, ಉದಗೀರ್, ಲಾತೂರ್ ಸೀಮೆಯ ತಳಿ ಅದು. ಹಾಲಿಗೂ ಬರುತ್ತದೆ, ಗಳೆಗೂ ಬರುತ್ತದೆ, ಬಿಸಿಲು ತಡೆಯುತ್ತದೆ. ಹಾಲು ಜಾಸ್ತಿ ಅಂತ ಇದ್ದ ಆಕಳಿಗೆಲ್ಲ ಎಚ್‌ಎಫ್ ಅನ್ನೋ ವಿದೇಶಿ ತಳಿಯ ಇಂಜೆಕ್ಷನ್ ಮಾಡಿಸಿದರೆ ಮೂರು ತಲೆಮಾರಿನಲ್ಲಿ ದೇವಣಿ ನಿಮ್ಮ ಕೊಟ್ಟಿಗೆಯಿಂದ ಹೋಗಿಬಿಡುತ್ತದೆ. ದೇವಣಿಗೆ ದೇವಣಿಯದೇ ವೀರ್ಯ ಕೇಳಿ. ಪಶುವೈದ್ಯ ವಿಶ್ವವಿದ್ಯಾಲಯ ನಿಮ್ಮ ಬೀದರ್‌ನಲ್ಲೇ ಇದೆ, ಅಲ್ಲಿ ವಿಚಾರಿಸಿ.

ಪ್ರಶ್ನೆ: ಟಿಶ್ಯೂ ಕಲ್ಚರ್ ಬಾಳೆಗೆ ಜೀನ್ ಬದಲಿಸಿರುತ್ತಾರಾ? ನಮ್ಮ ಕೆಂಪು ಬಾಳೆಯಲ್ಲೂ ಮಾಡಬಹುದಾ? (ಕಮಲಾಪುರ)

ಇಲ್ಲ, ಜೀನ್ ಮುಟ್ಟುವುದಿಲ್ಲ. ಒಳ್ಳೆಯ ತಾಯಿಗಿಡದ ಕಂದಿನ (ಬುಡದಲ್ಲಿ ಏಳುವ ಮರಿಗಿಡದ) ಬೆಳೆಯುವ ತುದಿ ಕತ್ತರಿಸಿ, ಗಾಜಿನ ಬಾಟಲಿಯಲ್ಲಿ ಸಕ್ಕರೆ, ಲವಣ, ಸಸ್ಯ ಹಾರ್ಮೋನ್ ಬೆರೆಸಿದ ಜೆಲ್ಲಿಯ ಮೇಲೆ ಬೆಳೆಸುತ್ತಾರೆ. ಒಂದು ತುದಿಯಿಂದ ನೂರಾರು ಸಸಿ. ಬಹುತೇಕ ಎಲ್ಲವೂ ತಾಯಿಯ ಗುಣದವೇ. ಕಮಲಾಪುರದ ಕೆಂಪು ಬಾಳೆಯನ್ನೂ ಹೀಗೆ ಬೆಳೆಸಬಹುದು. ಸಸಿ ವೈರಸ್ ಪರೀಕ್ಷೆಯಾಗಿ ಪ್ರಮಾಣೀಕರಣ ಪಡೆದದ್ದಾ ಅಂತ ಕೇಳಿ, ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ವ್ಯವಸ್ಥೆ ಅದಕ್ಕೇ ಇದೆ. ನೆರಳುಪರದೆಯಲ್ಲಿ ಹದಗೊಂಡ ಸಸಿಯನ್ನೇ ತನ್ನಿ. ಮಣ್ಣಿನಲ್ಲಿ ಪನಾಮಾ ಸೊರಗು ರೋಗ ಇದ್ದರೆ ಟಿಶ್ಯೂ ಕಲ್ಚರ್ ಸಸಿಗೂ ಅದು ಬರುತ್ತದೆ.

ಪ್ರಶ್ನೆ: ನಾವು ದಿನಾ ತಿನ್ನುವ ಅನ್ನ, ಬದನೆಕಾಯಿಯಲ್ಲಿ ಕುಲಾಂತರಿ ಇದೆಯಾ? ಹೊಸ ಸೋನಾ ಭತ್ತ ಬಂದಿದೆಯಂತೆ, ಅದು ಕುಲಾಂತರಿಯಾ? (ಸುರಪುರ)

ಕುಲಾಂತರಿ ಅಂದರೆ ಹೊರಗಿನ ಜೀವಿಯ ಜೀನ್ ಸೇರಿಸಿದ್ದು. ಭಾರತದಲ್ಲಿ ರೈತರು ಬೆಳೆದು ಮಾರಲು ಪೂರ್ತಿ ಒಪ್ಪಿಗೆ ಇರುವ ಕುಲಾಂತರಿ ಬೆಳೆ ಹತ್ತಿಯೊಂದೇ. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು. ಬಾಂಗ್ಲಾದೇಶ 2013ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಹತ್ತಿಕಾಳಿನ ಎಣ್ಣೆ, ಹೊರದೇಶದಿಂದ ಬರುವ ಸೋಯಾ ಎಣ್ಣೆ ಮೂಲಕ ಕುಲಾಂತರಿ ಬೆಳೆಯ ಎಣ್ಣೆ ನಮ್ಮ ಒಲೆಗೆ ಬಂದಿದೆ. ಶುದ್ಧ ಮಾಡಿದ ಎಣ್ಣೆಯಲ್ಲಿ ಪ್ರೋಟೀನ್, ಡಿಎನ್‌ಎ ಉಳಿಯುವುದು ಬಹಳ ಕಡಿಮೆ. ಆದರೂ ಏನು ತಿನ್ನುತ್ತಿದ್ದೇವೆ ಅಂತ ಗೊತ್ತಿರಬೇಕು, ಪೊಟ್ಟಣದ ಮೇಲೆ ಬರೆಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಭತ್ತದ್ದು ಬೇರೆ. ನಾರಾಯಣಪುರ ಕಾಲುವೆ ಕೆಳಗೆ ಸೋನಾ ಬೆಳೆಯುವವರಿಗೆ ದುಂಡಾಣು ಎಲೆ ಅಂಗಮಾರಿ ಎಷ್ಟು ಕಾಡುತ್ತದೆ ಅಂತ ಗೊತ್ತು. ಹೈದರಾಬಾದ್‌ನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಸಿಸಿಎಂಬಿ ಅನ್ನೋ ಜೀವಕೋಶ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ರೋಗ ತಡೆಯುವ ಮೂರು ಜೀನ್‌ಗಳನ್ನು ಬೇರೆ ಭತ್ತದಿಂದಲೇ, ಬರೀ ಸಂಕರ ಮಾಡಿ, ಡಿಎನ್‌ಎ ಗುರುತು ನೋಡಿ ಆರಿಸಿ, ನಮ್ಮ ಕಡೆ ಸೋನಾ ಅಂತಲೇ ಕರೆಯುವ ಸಾಂಬಾ ಮಸೂರಿಗೆ ತಂದರು. 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಅಂತ ಬಿಡುಗಡೆಯಾಯಿತು. ಅದು ಕುಲಾಂತರಿ ಅಲ್ಲ. ನೀವು ಕೇಳಿರುವ ಹೊಸದು ಕಮಲಾ, ಅಂದರೆ ಡಿಆರ್‌ಆರ್ ಧಾನ್ 100 ಇರಬೇಕು. 2025ರ ಮೇನಲ್ಲಿ ಕೇಂದ್ರ ಸರ್ಕಾರ ಘೋಷಿಸಿತು. ಅದೇ ಸಾಂಬಾ ಮಸೂರಿಯ ಒಂದು ಜೀನನ್ನು ಒಳಗೇ ತಿದ್ದಿ, ತೆನೆಯಲ್ಲಿ ಕಾಳು ಜಾಸ್ತಿ ಬರುವಂತೆ ಮಾಡಿದ್ದಾರೆ, ಸುಮಾರು ಇಪ್ಪತ್ತು ದಿನ ಮುಂಚೆ ಕೊಯ್ಲಿಗೆ ಬರುತ್ತದೆ ಅಂತ ಹೇಳುತ್ತಾರೆ. ಹೊರಗಿನ ಜೀನ್ ಉಳಿದಿಲ್ಲದ ಇಂಥ ಬೆಳೆಗೆ 2022ರಲ್ಲೇ ಕುಲಾಂತರಿ ನಿಯಮದಿಂದ ವಿನಾಯಿತಿ ಕೊಟ್ಟಿದ್ದಾರೆ. ಇಪ್ಪತ್ತು ದಿನ ಉಳಿದರೆ ಕಾಲುವೆ ಕೊನೆಯ ಹೊಲದವರಿಗೆ ದೊಡ್ಡ ಮಾತು. ಆದರೆ ಅದರ ಹೊಲದ ಫಲಿತಾಂಶಗಳನ್ನೆಲ್ಲ ಜನರ ಮುಂದಿಡಬೇಕು, ನಮ್ಮ ಮಣ್ಣಿನಲ್ಲಿ ಬೆಳೆದು ತೋರಿಸಬೇಕು. ಒಂದು ಮೂಲೆಯಲ್ಲಿ ಹಾಕಿ ನೋಡಿ, ಆಮೇಲೆ ಪೂರ್ತಿ ಹೊಲದ ಯೋಚನೆ ಮಾಡಿ.

ಪ್ರಶ್ನೆ: ಮಗಳು ಬಿಎಸ್ಸಿ ಬಯೋಟೆಕ್ನಾಲಜಿ ಓದುತ್ತೇನೆ ಅಂತಾಳೆ. ಕೆಲಸ ಸಿಗುತ್ತದಾ? (ತಂದೆ, ಕಲಬುರಗಿ)

ಮೊದಲು ಒಂದು ನೆನಪು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಆಗ ಊರೆಲ್ಲ ಕಾದದ್ದು ಆರ್‌ಟಿ-ಪಿಸಿಆರ್ ವರದಿಗೆ. ಗಂಟಲ ದ್ರವದಲ್ಲಿರುವ ವೈರಸ್‌ನ ಸಣ್ಣ ಗುರುತನ್ನು ದುಪ್ಪಟ್ಟು ಮಾಡುತ್ತಾ ಹೋಗುವ ವಿಧಾನ ಅದು, 30 ಸುತ್ತಿಗೆ ಒಂದು ತುಂಡು ನೂರು ಕೋಟಿ ಆಗುತ್ತದೆ. ಆ ಯಂತ್ರದ ಮುಂದೆ ಹಗಲು ರಾತ್ರಿ ಕೂತವರಲ್ಲಿ ಇದೇ ವಿಷಯ ಓದಿದವರಿದ್ದರು. ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಹಾಕುವ ಹೆಪಟೈಟಿಸ್-ಬಿ ಲಸಿಕೆಯೂ ಯೀಸ್ಟ್ ಮಾಡಿಕೊಟ್ಟದ್ದೇ. ಹೈದರಾಬಾದ್‌ನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಅದನ್ನು ನಮ್ಮ ದೇಶದಲ್ಲೇ ತಯಾರಿಸಿ ಬೆಲೆ ಇಳಿಸಿತು. ಹಾಗಾಗಿ ಓದು ದಂಡ ಅಂತ ನಾನು ಹೇಳುವುದಿಲ್ಲ.

ಆದರೆ ಸರ್, ಬರೀ ಬಿಎಸ್ಸಿಗೆ ಸಿಗುವ ಕೆಲಸ ಕಡಿಮೆ, ಮೊದಲ ಸಂಬಳವೂ ಕಡಿಮೆ. ಔಷಧಿ, ಲಸಿಕೆ ಕಂಪನಿಗಳಲ್ಲಿ ಗುಣಮಟ್ಟ ಪರೀಕ್ಷೆ, ತಯಾರಿಕೆ ವಿಭಾಗ, ದವಾಖಾನೆ ಲ್ಯಾಬ್, ಇಷ್ಟೇ ಎದುರಿಗಿರುವುದು, ಅದೂ ಬೆಂಗಳೂರು, ಹೈದರಾಬಾದ್‌ನಲ್ಲಿ. ಎಂಎಸ್ಸಿ ಮಾಡುವ ತಯಾರಿ ಇದ್ದರೆ ಮಾತ್ರ ಈ ದಾರಿಗೆ ಕಳಿಸಿ. ಐಐಟಿಗಳ ಎಂಎಸ್ಸಿಗೆ ಜಾಮ್, ಕೇಂದ್ರ ಇಲಾಖೆಯ ನೆರವಿನ ಕೋರ್ಸ್‌ಗಳಿಗೆ ಗ್ಯಾಟ್-ಬಿ ಪರೀಕ್ಷೆ ಬರೆಯಬೇಕು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಜೈವಿಕ ತಂತ್ರಜ್ಞಾನ ವಿಭಾಗವಿದೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಓದಬಹುದು. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಲ್ಯಾಬ್‌ಗೆ ಹೋಗಿ ನೋಡಿ. ಪಿಸಿಆರ್ ಯಂತ್ರ, ಆವಿಯಿಂದ ಸಾಮಾನು ಶುದ್ಧ ಮಾಡುವ ಆಟೋಕ್ಲೇವ್ ಚಾಲೂ ಇವೆಯಾ, ಮಕ್ಕಳ ಕೈಗೆ ದ್ರವ ಅಳೆದು ಹಾಕುವ ಪಿಪೆಟ್ ಕೊಡುತ್ತಾರಾ ಅಂತ ಅಲ್ಲಿ ಓದುವ ಮಕ್ಕಳನ್ನೇ ಕೇಳಿ. ಬಯೋಇನ್ಫರ್ಮ್ಯಾಟಿಕ್ಸ್, ಅಂದರೆ ಡಿಎನ್‌ಎ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಓದುವ ವಿದ್ಯೆಯನ್ನು ಮನೆಯಲ್ಲೇ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿಯಬಹುದು, ಅಮೆರಿಕ ಸರ್ಕಾರದ ಎನ್‌ಸಿಬಿಐ ತಾಣದಲ್ಲಿ ಸಾವಿರಾರು ಜೀವಿಗಳ ಡಿಎನ್‌ಎ ಮಾಹಿತಿ ಉಚಿತವಾಗಿದೆ, ನಮ್ಮ ತೊಗರಿಯದೂ ಇದೆ. ರಾಜ್ಯದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದಾದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ಓಡಾಡಿದರೆ ಸಿಗುವುದು ಕಷ್ಟ.